ಸ್ಕ್ರೂ ಮೇಲಿನ ಉಗುರುಬಣ್ಣ

ನೆನೆಸಿಟ್ಟ ನೀಲಿ ಅಂಗಿಯ ಒಂದು ತುದಿ ತಾಯಿಯ ಕೈಯಲ್ಲಿತ್ತು, ಇನ್ನೊಂದು ತುದಿ ಮಗಳ ಕೈಯಲ್ಲಿ. ಇಬ್ಬರೂ ಎದುರುಬದುರು ನಿಂತು ತಿರುಚುತ್ತಿದ್ದರು. ಗ್ಯಾರೇಜಿನ ಅಂಗಿ ಒಬ್ಬರ ಕೈಗೆ ಬಗ್ಗುವಂಥದಲ್ಲ. ನಾಲ್ಕು ಸಲ ಸೋಪು ಕಂಡರೂ ಗ್ರೀಸಿನ ವಾಸನೆ ಬಿಡುವುದಿಲ್ಲ. ಕಪ್ಪು ನೀರು ಒಗೆಯುವ ಕಲ್ಲಿನ ಮೇಲೆ ಸುರಿದು ಮೋರಿಯ ಕಡೆ ಹರಿಯಿತು.

"ತಡಿಯಮ್ಮ, ಜೇಬಲ್ಲಿ ಏನೋ ಇದೆ," ಎಂದಳು ಮಗಳು.

ಒದ್ದೆ ಜೇಬಿನಿಂದ ಅವಳು ಹೊರತೆಗೆದದ್ದು ಹೆಬ್ಬೆರಳಿನಷ್ಟು ಗಾಜಿನ ಬಾಟಲಿ. ಕೆಂಪು ಉಗುರುಬಣ್ಣ, ಮುಕ್ಕಾಲು ಖಾಲಿ. ತಾಯಿ ಅದನ್ನು ನೋಡಿದವಳೇ ತನ್ನ ಕಡೆಯ ತುದಿಯನ್ನು ಕೈಬಿಟ್ಟಳು. ಅಷ್ಟು ಹೊತ್ತು ಹಿಂಡಿದ್ದೆಲ್ಲ ಸರ್ರನೆ ಬಿಚ್ಚಿಕೊಂಡಿತು.

"ಇದನ್ನ ಎಲ್ಲಿಡ್ಲಿ?"

"ಎಲ್ಲಾದ್ರೂ ಇಡು. ನನ್ನ ಯಾಕೆ ಕೇಳ್ತಿ?"

"ಬಿಸಾಕ್ಲಾ?"

"ಬಿಸಾಕೋಕೆ ಅದು ನಿಂದಲ್ಲ. ಹಿಡಿ, ಆ ತುದಿ ಹಿಡಿ. ಬಿಸಿಲು ಹೋಗೋದ್ರೊಳಗೆ ಒಣಗ್ಬೇಕು. ನಾಳೆ ನಿಮ್ಮಪ್ಪ ಕೆಲಸಕ್ಕೆ ಹಾಕ್ಕೊಂಡು ಹೋಗ್ಬೇಕು."

ನಾಳೆ ಅಪ್ಪ ಕೆಲಸಕ್ಕೆ ಹೋಗಬೇಕು, ಮಗಳು ಹೋಗುವಂತಿಲ್ಲ. ಮೂರು ವರ್ಷದಲ್ಲಿ ಮೊದಲ ಸಲ ಹಗ್ಗದ ಮೇಲೆ ಒಂದೇ ನೀಲಿ ಅಂಗಿ ಒಣಗಿತು. ಮಗಳು ಬಾಟಲಿಯನ್ನು ಒರೆಸಿ ಅಡುಗೆಮನೆಯ ಕಿಟಕಿಯಲ್ಲಿಟ್ಟಳು. ಅಪ್ಪ ಊಟಕ್ಕೆ ಕೂರುವ ಜಾಗಕ್ಕೆ ನೇರ ಎದುರಿಗೆ.

ಆ ಮನೆಯಲ್ಲಿ ಉಗುರುಬಣ್ಣ ಯಾವ ಹೆಂಗಸಿನ ಉಗುರಿಗೂ ಹತ್ತಿದ್ದಿಲ್ಲ. ಅಪ್ಪ ನಲವತ್ತೆರಡು ವರ್ಷದಿಂದ ಗಾಡಿ ರಿಪೇರಿ ಮಾಡುವವನು, ಎಲ್ಲರಿಗೂ ಮೇಸ್ತ್ರಿ. ಕಾರ್ಬುರೇಟರಿನ ಸ್ಕ್ರೂವನ್ನು ಕಿವಿಯಿಂದಲೇ ಅಳೆದು ಕೂರಿಸಿ, ಮೇಲೊಂದು ತೊಟ್ಟು ಕೆಂಪು ಬಣ್ಣ ಹಚ್ಚುವುದು ಅವನ ಪದ್ಧತಿ. ಆಮೇಲೆ ಯಾರಾದರೂ ಅದನ್ನು ತಿರುಗಿಸಿದರೆ ಬಣ್ಣ ಒಡೆಯುತ್ತದೆ, ಗೊತ್ತಾಗುತ್ತದೆ. "ನನ್ನ ಸಹಿ ಇದೇ," ಎನ್ನುತ್ತಿದ್ದ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನ ನಿಜವಾದ ಸಹಿ ನೋಡುವಂತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಹೆಂಡತಿ ಅವನ ಚೀಲದಲ್ಲಿ ಬಾಟಲಿ ಕಂಡು, ತನಗೇ ತಂದಿರಬೇಕೆಂದು ಹತ್ತೂ ಬೆರಳು ಮುಂದೆ ಚಾಚಿದ್ದಳಂತೆ. "ಅಯ್ಯೋ, ಅದು ಇಂಜಿನ್‌ಗೆ ಕಣೇ," ಎಂದಿದ್ದನಂತೆ ಇವನು. ಈ ಮಾತನ್ನು ಅವಳು ನೂರು ಸಲ ಹೇಳಿ ನಗಿಸಿದ್ದಳು. ಈಗ ಕೆಲವು ದಿನದಿಂದ ಹೇಳಿರಲಿಲ್ಲ.

ನಡೆದದ್ದು ಇಷ್ಟು. ಮೇಸ್ತ್ರಿ ಕೆಲಸ ಮಾಡುತ್ತಿದ್ದ ವರ್ಕ್‌ಶಾಪಿನಲ್ಲೇ ಮಗಳೂ ಇದ್ದಳು. ತರಬೇತಿ ಮಂಡಳಿಯಲ್ಲಿ ಎರಡು ವರ್ಷ ಕಲಿತು, ಸರ್ಟಿಫಿಕೇಟ್ ತಂದು, ಹೊಸ ಗಾಡಿಗಳ ವಿಭಾಗಕ್ಕೆ ಸೇರಿದ್ದಳು. ಅಲ್ಲಿದ್ದ ಹೆಂಗಸು ಅವಳೊಬ್ಬಳೇ. ಒಂದು ದಿನ ಶಾಲೆಯ ಟೀಚರೊಬ್ಬರು ತಮ್ಮ ಬಿಳಿ ಕಾರು ತಂದರು. "ಪಿಕಪ್ ಇಲ್ಲಮ್ಮ. ಪೆಡಲ್ ಒತ್ತಿದ್ರೆ ಯೋಚನೆ ಮಾಡ್ಕೊಂಡು ಹೊರಡುತ್ತೆ, ನನ್ನ ಕೊನೇ ಬೆಂಚಿನ ಹುಡುಗ್ರ ಹಾಗೆ," ಎಂದರು. ಹುಡುಗಿಯೊಬ್ಬಳು ಗಾಡಿ ಬಿಚ್ಚುತ್ತಾಳೆಂದು ಕೇಳಿ ಊರಾಚೆಯಿಂದ ಅವಳನ್ನೇ ಹುಡುಕಿಕೊಂಡು ಬಂದವರು ಅವರು.

ಮಗಳು ಗಾಡಿಯ ದೋಷ ಓದುವ ಸ್ಕ್ಯಾನರ್ ಹಾಕಿ ನೋಡಿದಳು. ಅದು ಕೇಬಲ್ ಇಲ್ಲದ ಗಾಡಿ. ಕಾಲು ಎಷ್ಟು ಒತ್ತಿತು ಎಂಬುದನ್ನು ಪೆಡಲಿನ ಸೆನ್ಸರ್ ಕಂಪ್ಯೂಟರಿಗೆ ಹೇಳುತ್ತದೆ. ಕಂಪ್ಯೂಟರ್ ಒಂದು ಪುಟ್ಟ ಮೋಟಾರಿಗೆ ಹೇಳುತ್ತದೆ. ಮೋಟಾರು ಇಂಜಿನ್ನಿಗೆ ಗಾಳಿ ಬಿಡುವ ದುಂಡು ತಟ್ಟೆಯನ್ನು, ಅಂದರೆ ಥ್ರಾಟಲನ್ನು, ತೆರೆಯುತ್ತದೆ. ಆ ತಟ್ಟೆಯ ಅಂಚಿಗೆ ಮಸಿ ಕಟ್ಟಿತ್ತು. ಅವಳು ಜಾಬ್ ಕಾರ್ಡಿನಲ್ಲಿ ಬರೆದಳು: ಥ್ರಾಟಲ್ ಬಾಯಿ ತೊಳೆಯಬೇಕು. ತಟ್ಟೆಯ ಸ್ಕ್ರೂ ಮುಟ್ಟಬಾರದು. ತೊಳೆದ ಮೇಲೆ ಗಾಡಿಗೆ ಹೊಸದಾಗಿ ಕಲಿಸಬೇಕು. ಅಷ್ಟರಲ್ಲಿ ರಸ್ತೆಯಲ್ಲಿ ನಿಂತ ಬೇರೊಂದು ಗಾಡಿಗೆ ಹೋಗಬೇಕಾಯಿತು. ಕೆಲಸವನ್ನು ಅಪ್ಪ ಕೈಗೆತ್ತಿಕೊಂಡ.

ಅವನು ತೊಳೆದದ್ದು ಚೆನ್ನಾಗಿಯೇ ತೊಳೆದ. ತಟ್ಟೆ ಬೆಳ್ಳಿಯ ಹಾಗೆ ಹೊಳೆಯಿತು. ಇಂಜಿನ್ ಹಚ್ಚಿದರೆ ಸದ್ದು ಜೋರು. ಮಸಿ ಕಟ್ಟಿದ ತಟ್ಟೆಗೆ ಒಗ್ಗಿಹೋಗಿದ್ದ ಕಂಪ್ಯೂಟರ್, ಸ್ವಚ್ಛವಾದ ಮೇಲೂ ಹಳೇ ಲೆಕ್ಕದಲ್ಲೇ ಗಾಳಿ ಬಿಡುತ್ತಿತ್ತು. ಹತ್ತು ನಿಮಿಷ ಮುಟ್ಟದೆ ಬಿಟ್ಟಿದ್ದರೆ ಅದೇ ಕಲಿತುಕೊಳ್ಳುತ್ತಿತ್ತು. ಮೇಸ್ತ್ರಿಯ ಕಿವಿಗೆ ಆ ಸದ್ದು ತಡೆಯಲಾಗಲಿಲ್ಲ. ಕೈ ತಾನಾಗಿಯೇ ಸ್ಕ್ರೂಡ್ರೈವರಿಗೆ ಹೋಯಿತು. ಕಾಲು ಸುತ್ತು. ಇಂಜಿನ್ ಬೆಕ್ಕಿನ ಹಾಗೆ ಗುರುಗುಟ್ಟಿತು. ಮೇಲೊಂದು ತೊಟ್ಟು ಕೆಂಪು.

ಸಂಜೆ ಮಗಳು ಬಂದಾಗ ಟೀಚರ್ ಚೀಲ ಹೆಗಲಿಗೆ ಹಾಕಿಕೊಂಡು ಕಾಯುತ್ತಿದ್ದರು.

"ಆಯ್ತಾ ಅಪ್ಪ?"

"ಆಯ್ತು."

ಅವಳು ಜಾಬ್ ಕಾರ್ಡಿಗೆ ಸಹಿ ಹಾಕಿದಳು.

ಮೂರನೇ ದಿನ, ದೊಡ್ಡ ರಸ್ತೆ ದಾಟುವಾಗ, ತಟ್ಟೆ ಎಲ್ಲಿದೆಯೆಂದು ಲೆಕ್ಕ ಸಿಗದೆ ಕಂಪ್ಯೂಟರ್ ಇಂಜಿನ್ನಿನ ಬಲ ತಗ್ಗಿಸಿಬಿಟ್ಟಿತು. ಕಾರು ನಡುರಸ್ತೆಯಲ್ಲಿ ತೆವಳಿತು. ಬಂದ ಲಾರಿ ನಿಲ್ಲಲಿಲ್ಲ. ಟೀಚರ ಬಲಗಾಲು ಎರಡು ಕಡೆ ಮುರಿಯಿತು.

ತಪಾಸಣೆಗೆ ಬಂದವನು ಥ್ರಾಟಲನ್ನು ಬಿಚ್ಚಿ ಬೆಳಕಿಗೆ ಹಿಡಿದ. "ಇದು ನೇಲ್ ಪಾಲಿಶ್ ಅಲ್ವಾ? ಇಲ್ಲಿ ನೇಲ್ ಪಾಲಿಶ್ ಹಚ್ಚೋರು ಯಾರಿದಾರೆ?" ಎಂದ. ವರ್ಕ್‌ಶಾಪಿಗೆ ವರ್ಕ್‌ಶಾಪೇ ತಿರುಗಿ ಮಗಳ ಕಡೆ ನೋಡಿತು. ಮಗಳು ಅಪ್ಪನ ಕಡೆ ನೋಡಿದಳು. ಅಪ್ಪ ಬಗ್ಗಿ, ಬೆಂಚಿನ ಕೆಳಗೆ ಬಿದ್ದಿರದ ಸ್ಪ್ಯಾನರೊಂದನ್ನು ಹುಡುಕುತ್ತಿದ್ದ.

ಅವತ್ತೇ ಅವಳನ್ನು ಮನೆಗೆ ಕಳಿಸಿದರು.

ಬಾಟಲಿ ಕಿಟಕಿಗೆ ಬಂದ ಸಂಜೆ ಊಟಕ್ಕೆ ಬೇಳೆ, ಅನ್ನ, ಒಂದೊಂದು ಮೊಟ್ಟೆ. ಅಪ್ಪ ಕೂತ, ತಲೆಯೆತ್ತಿದ, ಬಾಟಲಿ ಕಂಡ, ಮತ್ತೆ ತಲೆಯೆತ್ತಲಿಲ್ಲ. ಉಪ್ಪು ಕೇಳುವಾಗಲೂ ತಟ್ಟೆಗೇ ಕೇಳಿದ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ," ಎಂದಳು ಅಜ್ಜಿ, ಅಪ್ಪನ ತಾಯಿ. ಎಂಬತ್ತು ದಾಟಿದ್ದಳು, ಹಲ್ಲು ಹೋಗಿದ್ದವು, ಮಾತು ಹೋಗಿರಲಿಲ್ಲ.

"ಅತ್ತೆ, ಊಟದ ಹೊತ್ತಲ್ಲಿ ಗಾದೆ ಬೇಡ," ಎಂದಳು ತಾಯಿ.

"ಗಾದೆ ಊಟದ ಜೊತೇಲೇ ಕಣೇ ಅರಗೋದು."

"ಯಾರಿಗೆ ಅಂದೆ ಅವ್ವ?" ಅಪ್ಪ ತಟ್ಟೆಯಿಂದ ತಲೆಯೆತ್ತದೆ ಕೇಳಿದ.

"ಎಮ್ಮೆಗೆ ಅಂದೆ. ನೀನ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀಯ?"

ಅವನು ಅರ್ಧ ಊಟಕ್ಕೆ ಕೈತೊಳೆದ. ಮಗಳು ಆ ತಟ್ಟೆಯನ್ನೂ ಎತ್ತಿ ತೊಳೆದಿಟ್ಟಳು. ಬೆಳಿಗ್ಗೆ ಎದ್ದು ಅವನ ಬುತ್ತಿಯನ್ನೂ ಅವಳೇ ಕಟ್ಟಿದಳು. ಹೊಲಿಗೆಯ ಕೆಲಸ ಮುಂದಿಟ್ಟುಕೊಂಡು ಕೂತಿದ್ದ ತಾಯಿ ಬೇಡವೆನ್ನಲಿಲ್ಲ.

ಎರಡನೇ ವಾರ ಮಗಳು ಆರು ಕಿತ್ತಳೆ ಕಟ್ಟಿಸಿಕೊಂಡು ಟೀಚರನ್ನು ನೋಡಲು ಆಸ್ಪತ್ರೆಗೆ ಹೋದಳು. ಅರ್ಧ ಗಂಟೆಯಲ್ಲಿ ಆರನ್ನೂ ಹಿಡಿದುಕೊಂಡು ವಾಪಸು ಬಂದಳು.

"ತಗೊಳ್ಳಿಲ್ವಾ?" ಎಂದಳು ತಾಯಿ.

"ಗೋಡೆ ಕಡೆ ತಿರುಗಿದ್ರು. 'ಹುಡುಗಿ ಅಂತ ನಂಬಿ ಕೊಟ್ಟೆ, ಇನ್ನು ಜನ್ಮದಲ್ಲಿ ಯಾವ ಹುಡುಗಿಗೂ ಕೊಡಲ್ಲ' ಅಂದ್ರು."

"ನೋವಲ್ಲಿ ಅಂದಿರ್ತಾರೆ."

"ಕೆಲಸ ಹೋದ್ರೆ ಹೋಗ್ಲಿ ಅಮ್ಮ. ಅವರು ಹಾಗೆ ಅಂದ್ಕೊಂಡು ಮಲಗಿದಾರಲ್ಲ, ಅದು ನನಗೆ ಆಗ್ತಿಲ್ಲ."

ಮಾರನೆಯ ದಿನ ತರಬೇತಿ ಮಂಡಳಿಯಿಂದ ಕಾಗದ ಬಂತು. ಟೀಚರ ಮನೆಯವರು ದೂರು ಕೊಟ್ಟಿದ್ದರು. ಅದನ್ನು ಓದಿದ್ದು ಅಜ್ಜಿ, ಸಾಲಿನ ಕೆಳಗೆ ಬೆರಳಿಟ್ಟು, ಒಂದೊಂದೇ ಪದ. ಅವಳು ಹಗಲೆಲ್ಲ ಆಸ್ಪತ್ರೆಯ ನೆಲ ಒರೆಸಿ, ಐವತ್ತೆರಡನೇ ವಯಸ್ಸಿನಲ್ಲಿ ರಾತ್ರಿ ಶಾಲೆಗೆ ಹೋಗಿ ಅಕ್ಷರ ಕಲಿತವಳು. ಮನೆಗೆ ಬಂದ ಯಾವ ಕಾಗದವನ್ನೂ ಬೇರೆಯವರಿಗೆ ಮೊದಲು ಓದಲು ಬಿಡುತ್ತಿರಲಿಲ್ಲ. "ಹದಿನೈದು ದಿನದೊಳಗೆ ಲಿಖಿತ ವಿವರಣೆ ಕೊಡತಕ್ಕದ್ದು. ತಪ್ಪಿದಲ್ಲಿ ಸರ್ಟಿಫಿಕೇಟನ್ನು ರದ್ದುಪಡಿಸಲಾಗುವುದು."

ಸಂಜೆ ಅಪ್ಪ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅವಳು ಮತ್ತೊಮ್ಮೆ ಅಷ್ಟನ್ನೂ ಓದಿದಳು.

"ಬರಿ ಮತ್ತೆ," ಎಂದ ಅಪ್ಪ ಮಗಳಿಗೆ. "ಗೊತ್ತಾಗದೆ ಆಯ್ತು ಅಂತ ಬರಿ."

"ಯಾರಿಗೆ ಗೊತ್ತಾಗದೆ?"

ಅಪ್ಪ ಬಗ್ಗಿ ಚಪ್ಪಲಿಗಳನ್ನು ಗೋಡೆಗೆ ಜೋಡಿಸಿಟ್ಟ.

"ನಾನು ಸುಳ್ಳು ಬರೆಯಲ್ಲ ಅಪ್ಪ. ನಿನ್ನ ಹೆಸರೂ ನನ್ನ ಕೈಯಿಂದ ಬರೆಯಲ್ಲ. ನೋಡದೆ ಸಹಿ ಹಾಕಿದ್ದು ನನ್ನ ತಪ್ಪು. ಬೇರೆ ಯಾರೇ ಆಗಿದ್ರೂ ಬಾನೆಟ್ ಎತ್ತಿ ನೋಡ್ತಿದ್ದೆ. ಅಪ್ಪ ಅಂತ ನೋಡ್ಲಿಲ್ಲ."

"ನಾಳೆ ಯಜಮಾನರ ಹತ್ರ ಮಾತಾಡ್ತೀನಿ."

"ನಿನ್ನೇನೂ ನಾಳೆ ಅಂದಿದ್ದೆ."

"ಆಡ್ತೀನಿ ಅಂದ್ನಲ್ಲ! ಅರವತ್ತನಾಲ್ಕು ವರ್ಷ ನನಗೆ. ಆ ಬಾಗಿಲಿಂದ ಹೊರಗೆ ಬಿದ್ರೆ ಇನ್ಯಾರು ಒಳಗೆ ಬಿಡ್ತಾರೆ?"

"ನನಗೆ ಇಪ್ಪತ್ತಾರು. ನನ್ನನ್ನ ಯಾರು ಬಿಡ್ತಾರೆ?"

ತಾಯಿ ಹೊಲಿಗೆ ಮಿಷನ್ ನಿಲ್ಲಿಸಿದಳು. "ಇಬ್ರೂ ಸುಮ್ಮನಿರಿ. ಒಂದೇ ಒಲೆಯಿಂದ ಎರಡು ಸೌದೇನೂ ಎಳೆದುಬಿಟ್ರೆ ಅನ್ನ ಬೇಯಲ್ಲ. ಪುಟ್ಟಿ, ನೀನು ಚಿಕ್ಕವಳು. ಸ್ವಲ್ಪ ದಿನ ತಡ್ಕೊ."

ಮಗಳು ತಾಯಿಯನ್ನು ನೋಡಿದಳು. ಮಿಷನ್ ಮತ್ತೆ ಓಡತೊಡಗಿತು, ಮೊದಲಿಗಿಂತ ಜೋರಾಗಿ.

ಮೂರನೇ ವಾರ ಯಜಮಾನರು ಹೊಸ ಗಾಡಿಗಳ ವಿಭಾಗವನ್ನು ಮೇಸ್ತ್ರಿಗೇ ಒಪ್ಪಿಸಿದರು. ಮಗಳು ನಿಲ್ಲುತ್ತಿದ್ದ ಜಾಗದಲ್ಲಿ ಅಪ್ಪ ನಿಂತ. ಸ್ಕ್ಯಾನರಿನ ಪರದೆಯ ಮೇಲೆ ಏನೇನೋ ಗೆರೆ ಏರುತ್ತಿದ್ದವು, ಇಳಿಯುತ್ತಿದ್ದವು. ಅವನಿಗೆ ಅದು ಬೇರೆ ದೇಶದ ಪೇಪರ್ ಓದಿದ ಹಾಗೆ.

ಊಟದ ಹೊತ್ತಿಗೆ ಅವನು ಬೇಯಿಸಿದ ಆಲೂಗಡ್ಡೆಯನ್ನು ಹಿಸುಕುತ್ತ, ಯಾರನ್ನೂ ಕರೆಯದೆ, "ಒಂದು ಗಾಡಿ ಬಂದಿದೆ. ಪಿಕಪ್ ಇಲ್ಲ ಅಂತಾನೆ. ತೊಳೆದ್ರೂ ಹಾಗೇ ಇದೆ," ಎಂದ.

ಅಜ್ಜಿ ಉಪ್ಪಿನ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡಳು.

"ಪೆಡಲ್ ಒತ್ತಿದ್ರೆ ಎರಡು ಗೆರೆ ಬರ್ತವೆ. ಒಂದು ಏರುತ್ತೆ, ಇನ್ನೊಂದು ನಡುವೆ ಬೀಳುತ್ತೆ."

ಮಗಳು ಅಗಿಯುವುದನ್ನು ನಿಲ್ಲಿಸಿದಳು. ಹೇಳಬಾರದೆಂದು ತುಟಿ ಬಿಗಿಹಿಡಿದಳು; ಆದರೆ ಕಲಿತ ವಿದ್ಯೆ ಹಸಿದ ಮಗುವಿನ ಹಾಗೆ, ಕರೆದರೆ ಓಡಿಬರುತ್ತದೆ.

"ಎರಡೂ ಜೋಡಿಯಾಗಿ ಏರ್ಬೇಕು. ಪೆಡಲಲ್ಲಿ ಎರಡು ಸೆನ್ಸರ್ ಇರ್ತವೆ, ಒಂದಕ್ಕೆ ಇನ್ನೊಂದು ಸಾಕ್ಷಿ. ಸಾಕ್ಷಿ ಹೊಂದದೆ ಇದ್ರೆ ಕಂಪ್ಯೂಟರ್ ಕಾಲನ್ನ ನಂಬಲ್ಲ. ಥ್ರಾಟಲ್ ಮುಟ್ಬೇಡ. ಪೆಡಲಿನ ಪ್ಲಗ್ ಬಿಚ್ಚಿ ನೋಡು, ಪಿನ್ ತುಕ್ಕು ಹಿಡಿದಿರುತ್ತೆ. ಮೊದಲು ಕಾಲಡಿ ಮ್ಯಾಟ್ ಪೆಡಲಿಗೆ ಅಡ್ಡ ಇದೆಯಾ ನೋಡು."

"ಒಂದು ಕಾಲಿನ ಮಾತು ಕೇಳೋಕೆ ಇಷ್ಟು ಜನ ಬೇಕಾ?" ಎಂದ ಅಪ್ಪ. ಹಳೇ ದಿನವಾಗಿದ್ದರೆ ಎಲ್ಲರೂ ನಗುತ್ತಿದ್ದರು.

ತಾಯಿ ಸೌಟನ್ನು ಪಾತ್ರೆಯೊಳಗೆ ಕುಕ್ಕಿದಳು. "ನಾಚಿಕೆ ಆಗಲ್ವೇನ್ರೀ ನಿಮಗೆ? ಅವಳ ಜಾಗದಲ್ಲಿ ನಿಂತು, ಅವಳನ್ನೇ ಕೇಳ್ಕೊಂಡು ಹೋಗಿ ಮಾಡ್ತೀರಾ?"

"ನೀನೇ ಅಲ್ವಾ ತಡ್ಕೊ ಅಂದೋಳು?"

"ಹೌದು, ಅಂದೆ. ಅಂದ ಬಾಯಿಗೆ ಅವತ್ತಿಂದ ಅನ್ನ ರುಚಿಸ್ತಿಲ್ಲ."

ಮಾರನೆಯ ದಿನ ಅವನು ಪ್ಲಗ್ ಬಿಚ್ಚಿ ನೋಡಿದ. ಪಿನ್ ತುಕ್ಕು ಹಿಡಿದಿತ್ತು. ಗಿರಾಕಿ ಹೊಗಳಿ ಹೋದ. ಆ ಸಂಜೆ ಅಪ್ಪ ಮನೆಗೆ ತಡವಾಗಿ ಬಂದು, ಬುತ್ತಿಯ ಡಬ್ಬಿಯನ್ನು ತಾನೇ ತೊಳೆದು ಮಗುಚಿಟ್ಟ.

ಹದಿನೈದು ದಿನ ಕಳೆದವು, ಮಗಳು ವಿವರಣೆ ಬರೆಯಲಿಲ್ಲ. ಗಡುವು ಮುಗಿದ ದಿನದ ಕ್ಯಾಲೆಂಡರ್ ಹಾಳೆಯನ್ನು ಅಜ್ಜಿ ಎರಡು ದಿನ ಹರಿಯಲಿಲ್ಲ, ಹರಿಯದಿದ್ದರೆ ದಿನ ನಿಲ್ಲುತ್ತದೆಯೇನೋ ಎಂಬಂತೆ.

ಆ ಭಾನುವಾರ ಎದುರುಮನೆಯ ಟ್ಯಾಕ್ಸಿಯವನು ಬಂದು ಬಾಗಿಲಲ್ಲಿ ನಿಂತ.

"ಮೇಸ್ತ್ರಿ ಇದಾರಾ? ಗಾಡಿ ಎಳೀತಿಲ್ಲ. ಒತ್ತಿ, ಒಂದು ಆಕಳಿಕೆ ತೆಗೆದ್ರೆ ಆಮೇಲೆ ಹೊರಡುತ್ತೆ."

ಅಪ್ಪ ಎದ್ದ. ನಿಂತ. ಮತ್ತೆ ಕೂತ. "ಅವಳನ್ನ ಕೇಳು," ಎಂದ.

ಮಗಳು ಹಗ್ಗದ ಮೇಲಿಂದ ಹಳೇ ಬನಿಯನ್ ಎಳೆದುಕೊಂಡು ಬೀದಿಗಿಳಿದಳು. ಅಪ್ಪ ಚಹದ ಲೋಟ ಹಿಡಿದು ಕಿಟಕಿಯಲ್ಲಿ ನಿಂತ. ಅವನ ಮೊಣಕೈ ಪಕ್ಕದಲ್ಲೇ ಆ ಬಾಟಲಿ.

ಅವಳು ಮೊದಲು ಕಾಲಡಿಯ ಮ್ಯಾಟ್ ಸರಿಸಿ ನೋಡಿದಳು. ಆಮೇಲೆ ಬ್ಯಾಟರಿಯ ತಂತಿ ಕಳಚಿದಳು. ಗಾಳಿಯ ಕೊಳವೆ ಬಿಚ್ಚಿ, ಮಸಿ ಬಿಡಿಸುವ ದ್ರಾವಣ ಸಿಂಪಡಿಸಿದ ಬಟ್ಟೆಯಿಂದ, ತಟ್ಟೆಯನ್ನು ಬೆರಳಿನಿಂದ ನೂಕದೆ, ಮಗುವಿನ ಕಿವಿ ಒರೆಸುವ ಹಾಗೆ ಅಂಚನ್ನಷ್ಟೇ ಒರೆಸಿದಳು. ಬಟ್ಟೆ ಕಪ್ಪಾಯಿತು. ಎಲ್ಲ ಜೋಡಿಸಿ ಚಾವಿ ಹಾಕಿದಳು. ಇಂಜಿನ್ ಹಚ್ಚಲಿಲ್ಲ.

"ಸ್ಟಾರ್ಟ್ ಮಾಡಿ ಮತ್ತೆ," ಎಂದ ಟ್ಯಾಕ್ಸಿಯವನು.

"ಇರಿ. ತಟ್ಟೆ ಎಲ್ಲಿ ಮುಚ್ಚುತ್ತೆ ಅಂತ ಅದು ನೋಡ್ಕೋಬೇಕು."

ಸ್ವಲ್ಪ ಹೊತ್ತಾದ ಮೇಲೆ ಹಚ್ಚಿದಳು. ಇಂಜಿನ್ ಜೋರಾಗಿ ಕಿರುಚಿತು. ಕಿಟಕಿಯಲ್ಲಿದ್ದ ಅಪ್ಪನ ಬಲಗೈ ಲೋಟ ಬಿಟ್ಟು ತಾನಾಗಿ ಮೇಲೆದ್ದಿತು, ಹೆಬ್ಬೆರಳೂ ತೋರುಬೆರಳೂ ಕೂಡಿಕೊಂಡು. ಬೀದಿಯಲ್ಲಿ ಟ್ಯಾಕ್ಸಿಯವನೂ ಬಾನೆಟ್ ಕಡೆ ಬಗ್ಗಿದ.

"ಏನೂ ಮುಟ್ಬೇಡಿ. ಪೆಡಲೂ ಮುಟ್ಬೇಡಿ. ಹತ್ತು ನಿಮಿಷ ಕೈಕಟ್ಟಿ ಕೂರೋದೇ ಕೆಲಸ," ಎಂದು ಅವಳು ಕಟ್ಟೆಯ ಮೇಲೆ ಕೈಕಟ್ಟಿ ಕೂತಳು.

ಇಂಜಿನ್ ಕಿರುಚಿತು, ತೊದಲಿತು, ಏರಿತು, ಇಳಿಯಿತು. ಆರು ನಿಮಿಷ. ಏಳು. ಎಂಟನೆಯ ನಿಮಿಷಕ್ಕೆ ಸದ್ದು ತಾನಾಗಿಯೇ ಕೆಳಗಿಳಿದು ಸಮನಾಗಿ ನಿಂತಿತು. ಯಾರೂ ಏನನ್ನೂ ತಿರುಗಿಸಿರಲಿಲ್ಲ.

ಟ್ಯಾಕ್ಸಿಯವನು ಬೀದಿಯ ತುದಿಯವರೆಗೆ ಓಡಿಸಿಕೊಂಡು ಬಂದ. "ಕಾಲಿಟ್ರೆ ಹಾರುತ್ತಲ್ಲಮ್ಮ!"

ಕಿಟಕಿಯಲ್ಲಿ ಅಪ್ಪನ ಚಹ ಕೆನೆಗಟ್ಟಿತ್ತು. "ಅಷ್ಟೇನಾ?" ಎಂದ, ಪಕ್ಕದಲ್ಲಿದ್ದ ಅಜ್ಜಿಗೆ. "ಅಷ್ಟೇ ಆಗಿತ್ತಾ ಅವ್ವ?"

"ನನ್ನ ಕೇಳ್ತೀಯಲ್ಲೋ. ನನಗೆ ಗೊತ್ತಿರೋದು ನೆಲ ಒರೆಸೋದು."

ಸೋಮವಾರ ಅವನು ಯಜಮಾನರ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಹೇಳಿಯೇಬಿಟ್ಟ. ಹೇಳಿದ್ದನ್ನು ಸಂಜೆ ಮನೆಯಲ್ಲಿ ಅಂಗಿಯ ಗುಂಡಿ ಬಿಚ್ಚುತ್ತ ಹೆಂಡತಿಗೆ ಹೇಳಿದ. ಮಗಳು ಒಳಗೆ ಸೊಪ್ಪು ಬಿಡಿಸುತ್ತಿದ್ದಳು, ಗೋಡೆ ತೆಳುವಾಗಿತ್ತು.

"ನಕ್ಕರು."

"ನಕ್ಕರಾ?"

"'ಮೇಸ್ತ್ರೀ, ನಿಮ್ಮ ಕೆಂಪು ನನಗೆ ಗೊತ್ತಿಲ್ವಾ? ಮೂವತ್ತು ವರ್ಷದಿಂದ ನೋಡ್ತಿದೀನಿ' ಅಂದ್ರು. ಮೊದಲ ದಿನಾನೇ ಗೊತ್ತಿತ್ತಂತೆ. 'ಆ ಕಡೆಯವರಿಗೆ ಒಂದು ಹೆಸರು ಬೇಕಿತ್ತು, ಕಾರ್ಡಲ್ಲಿ ಅವಳ ಸಹಿ ಇತ್ತು. ಹುಡುಗಿ, ಹೇಗಾದ್ರೂ ಬದುಕ್ಕೋತಾಳೆ. ನೀವು ಹೋಗಿ ಕೆಲಸ ನೋಡಿ' ಅಂದ್ರು."

"ನೀವೇನಂದ್ರಿ?"

"ಏನನ್ಲಿ?"

"ಹೋಗಿ ಕೆಲಸ ನೋಡಿದ್ರಾ?"

ಅವನು ಕೊನೆಯ ಗುಂಡಿ ಬಿಚ್ಚಿದ. ನೋಡಿದ್ದ. ಎರಡು ಗಾಡಿಗೆ ಆಯಿಲ್ ಬದಲಿಸಿದ್ದ.

ಐದನೇ ವಾರದ ಕೊನೆಗೆ ಸರ್ಟಿಫಿಕೇಟ್ ರದ್ದಾದ ಕಾಗದ ಬಂತು. ಅಜ್ಜಿ ಈ ಸಲ ಗಟ್ಟಿಯಾಗಿ ಓದಲಿಲ್ಲ. ಮನಸ್ಸಿನಲ್ಲೇ ಓದಿ, ಮಡಿಸಿ, ಮೊಮ್ಮಗಳ ಕೈಗಿಟ್ಟಳು. ಮಗಳು ಅದನ್ನು ಗೋಡೆಯ ಮೇಲೆ ತೂಗುಹಾಕಿದ್ದ ಸರ್ಟಿಫಿಕೇಟಿನ ಚೌಕಟ್ಟಿನ ಹಿಂದೆ ಸಿಕ್ಕಿಸಿದಳು. ಎರಡು ದಿನ ಬಿಟ್ಟು ಮೀನು ಪ್ಯಾಕ್ ಮಾಡುವ ಶೀತಲ ಗೋದಾಮಿಗೆ ಸೇರಿದಳು. ಬೆಳಿಗ್ಗೆ ಏಳಕ್ಕೆ ಬಸ್ಸು. ತಲೆಗೆ ಬಿಳಿ ಟೋಪಿ, ಕೈಗೆ ರಬ್ಬರಿನ ಗವಸು. ಮೊದಲ ವಾರದಲ್ಲೇ ಬೆರಳ ತುದಿಗಳು ಬಿರಿದವು. ತಾಯಿ ದಿನಾ ಸಂಜೆ ಬಿಸಿನೀರಿನ ಬೋಗುಣಿ ಇಟ್ಟು, "ಅದ್ದು" ಎನ್ನುತ್ತಿದ್ದಳು.

"ಚಳಿ ತುಂಬಾನಾ?" ಎಂದು ಒಮ್ಮೆ ಅಪ್ಪ ಕೇಳಿದ.

"ಅಭ್ಯಾಸ ಆಗುತ್ತೆ."

"ಏನು ಕೆಲಸ ಕೊಟ್ಟಿದಾರೆ?"

"ತೂಕ ನೋಡೋದು, ಮುಚ್ಚೋದು. ಏನೂ ತಿರುಗಿಸೋದಿಲ್ಲ."

ಅವಳು ಚುಚ್ಚಲೆಂದು ಅಂದದ್ದಲ್ಲ, ಇದ್ದದ್ದನ್ನು ಅಂದಳು. ಅವನು ಎದ್ದು ಹೊರಗೆ ಹೋಗಿ ಬೀದಿಯ ಕೊನೆಯವರೆಗೆ ನಡೆದು ಬಂದ.

ಏಳನೇ ವಾರ, ಅವನ ರಜೆಯ ದಿನ. ಮಗಳು ಆರಕ್ಕೇ ಎದ್ದು ತಲೆ ಬಾಚಿಕೊಳ್ಳುತ್ತಿದ್ದಳು. ಅಪ್ಪ ಅಜ್ಜಿಯ ಮಂಚದ ಬಳಿ ಕುಕ್ಕರಗಾಲಲ್ಲಿ ಕೂತು, "ಅವ್ವ, ಒಂದು ಕಾಗದ ಬರ್ಕೊಡು," ಎಂದ.

"ಯಾರಿಗೆ?"

"ಟೀಚರಿಗೆ. ಮನೆಗೆ ಬಂದಿದಾರಂತೆ, ಊರುಗೋಲಲ್ಲಿ ಓಡಾಡ್ತಾರಂತೆ."

ಅಜ್ಜಿ ಕನ್ನಡಕ ಹಾಕಿಕೊಂಡಳು. ಪೆನ್ನು ತೆಗೆದಳು. ಆಮೇಲೆ ಅದನ್ನು ಅವನ ಕೈಗೇ ಕೊಟ್ಟಳು.

"ನೀನೇ ಬರಿ."

"ನನಗೆ ಕಾಗದ ಬರೆಯೋಕೆ ಎಲ್ಲಿ ಬರುತ್ತೆ? ಸ್ಪೇರ್ ಪಾರ್ಟಿನ ಹೆಸರು ಬಿಟ್ರೆ ಏನು ಬರೆದಿದೀನಿ ನಾನು?"

"ನಿನ್ನ ಶಾಲೆ ಬಿಡಿಸಿದ್ದು ನಾನು. ಅದು ನನ್ನ ತಲೆ ಮೇಲಿದೆ. ಇದನ್ನೂ ನನ್ನ ಕೈಲಿ ಬರೆಸ್ಬೇಡ. ಗೊತ್ತಿರೋ ಹಾಗೆ ಬರಿ. ಕೊಂಬು ದೀರ್ಘ ನಾನು ನೋಡ್ತೀನಿ."

ಅವನಿಗೆ ಗೊತ್ತಿದ್ದದ್ದು ಒಂದೇ ರೀತಿ. ಮುಕ್ಕಾಲು ಗಂಟೆ ಹಿಡಿಯಿತು. ನಡುವೆ ಎರಡು ಸಲ ಬೆವರು ಒರೆಸಿಕೊಂಡ. ತಾಯಿ ಬಾಗಿಲ ಬಳಿ ಹಿಟ್ಟಿನ ಕೈಯಲ್ಲೇ ನಿಂತು ನೋಡಿದಳು. ಕಾಗದದಲ್ಲಿ ಹೀಗಿತ್ತು:

ಗಾಡಿ: ಟೀಚರ್ ಅವರ ಬಿಳಿ ಕಾರು.

ದೂರು: ಪಿಕಪ್ ಇಲ್ಲ.

ಮಾಡಿದ ಕೆಲಸ: ಥ್ರಾಟಲ್ ಬಾಯಿ ತೊಳೆದದ್ದು. ಸರಿ ಇದೆ.

ಮುಟ್ಟಬಾರದ ಸ್ಕ್ರೂ ತಿರುಗಿಸಿದ್ದು, ಕಾಲು ಸುತ್ತು. ತಪ್ಪು.

ಗಾಡಿಗೆ ಕಲಿಸಿದ್ದು: ಇಲ್ಲ.

ಉಗುರುಬಣ್ಣ: ನನ್ನದು. ನಲವತ್ತೆರಡು ವರ್ಷದಿಂದ ನನ್ನದು.

ಕೆಲಸ ಮಾಡಿದವನು: ನಾನು. ಮಗಳು ಅಲ್ಲ. ಅವಳು ಮುಟ್ಟಬಾರದು ಎಂದು ಬರೆದಿದ್ದಳು.

ತಡ: ಏಳು ವಾರ.

ಅಜ್ಜಿ ಬೆರಳಿಟ್ಟು ಓದಿದಳು. ಎರಡು ಕಡೆ ದೀರ್ಘ ತಿದ್ದಿದಳು. "ಕ್ಷಮಿಸಿ ಅಂತ ಬರೀಬೇಡ್ವೇನೋ?"

"ಜಾಬ್ ಕಾರ್ಡಲ್ಲಿ ಅದಕ್ಕೆ ಜಾಗ ಇರಲ್ಲ ಅವ್ವ."

"ಹಾಗಾದ್ರೆ ಬಿಡು."

ಮಗಳು ಟೋಪಿಯನ್ನು ಚೀಲಕ್ಕೆ ಹಾಕಿಕೊಳ್ಳುತ್ತ ಬಂದು ನಿಂತಳು. ಅಪ್ಪ ಕಾಗದವನ್ನು ಅವಳತ್ತ ಚಾಚಿದ. ಅವಳು ನಿಂತಲ್ಲೇ ಓದಿದಳು. ಮುಖದಲ್ಲಿ ಏನೂ ಕಾಣಲಿಲ್ಲ.

"ಇದನ್ನ ಅವರು ಯಾರಿಗಾದ್ರೂ ತೋರಿಸಿದ್ರೆ ನಿನ್ನ ಕೆಲಸ ಅವತ್ತೇ ಹೋಗುತ್ತೆ."

"ಗೊತ್ತು."

"ನನ್ನ ಸರ್ಟಿಫಿಕೇಟ್ ವಾಪಸ್ ಬರಲ್ಲ. ಗಡುವು ಮುಗಿದು ಮೂರು ವಾರ ಆಯ್ತು."

"ಅದೂ ಗೊತ್ತು."

"ಮತ್ತೆ ಇದರಿಂದ ಏನು ಬರುತ್ತೆ ಅಪ್ಪ?"

"ಏನೂ ಬರಲ್ಲ," ಎಂದ ಅಪ್ಪ.

ಅವಳು ಕಾಗದವನ್ನು ಮಡಿಸಿ ಅವನಿಗೇ ಕೊಟ್ಟಳು. ಟೀಚರ ಮನೆಯ ವಿಳಾಸ ಅವನಿಗೆ ಪೂರ್ತಿ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು; ಜಾಬ್ ಕಾರ್ಡಿನಲ್ಲಿ ತಾನೇ ಬರೆದುಕೊಂಡದ್ದು. ಲಕೋಟೆಯ ಮೇಲೆ ಬಿರಿದ ಬೆರಳುಗಳಿಂದ ಬಿಡಿಬಿಡಿಯಾಗಿ ಬರೆದಳು.

ಲಕೋಟೆ ಹಳೆಯದು, ಅಜ್ಜಿಯ ಪೆಟ್ಟಿಗೆಯದು. ಅಂಚಿನ ಅಂಟು ಯಾವತ್ತೋ ಒಣಗಿಹೋಗಿತ್ತು. ಅಪ್ಪ ನಾಲಿಗೆಯಿಂದ ಸವರಿ ಒತ್ತಿದ, ಬಿಟ್ಟುಕೊಂಡಿತು. ಮತ್ತೆ ಒತ್ತಿದ, ಮತ್ತೆ ಬಿಟ್ಟುಕೊಂಡಿತು. ತಾಯಿ ಹಿಟ್ಟಿನ ಕೈಯಲ್ಲೇ ಅಡುಗೆಮನೆಗೆ ಹೋಗಿ, ಏಳು ವಾರದಿಂದ ಯಾರೂ ಮುಟ್ಟದ ಬಾಟಲಿಯನ್ನು ತಂದು ಅವನ ಮುಂದಿಟ್ಟಳು.

ಮುಚ್ಚಳ ಹಿಡಿದುಹೋಗಿತ್ತು. ಮೇಸ್ತ್ರಿ ಅಂಗಿಯ ತುದಿಯಿಂದ ಹಿಡಿದು ತಿರುಗಿಸಿದ. ತಳದಲ್ಲಿ ಒಂದಿಷ್ಟು ಉಳಿದಿತ್ತು. ಕುಂಚದ ತುದಿಯಲ್ಲಿ ಬಂದಷ್ಟನ್ನು ಲಕೋಟೆಯ ಬಾಯಿಗೆ ಸಾಲಾಗಿ ಮೂರು ತೊಟ್ಟು ಹಚ್ಚಿ, ಒತ್ತಿ, ಕೂಡಲೇ ಎತ್ತಿಕೊಳ್ಳಲು ಕೈಹಾಕಿದ.

"ಮುಟ್ಬೇಡ," ಎಂದಳು ಮಗಳು. "ಒಣಗ್ಲಿ."

ಅವನು ಕೈ ಹಿಂದೆಗೆದುಕೊಂಡ. ಲಕೋಟೆ ಮಂಚದ ಅಂಚಿನಲ್ಲಿತ್ತು. ಅಪ್ಪ ಕೈಕಟ್ಟಿ ಕೂತ. ಮಗಳು ಬಾಗಿಲಿಗೆ ಒರಗಿ ನಿಂತಳು. ಏಳರ ಬಸ್ಸು ಬೀದಿಯ ತಿರುವಿನಲ್ಲಿ ಹಾರ್ನ್ ಹೊಡೆದು ಹೋಯಿತು. ಅವಳು ಕದಲಲಿಲ್ಲ.

ಒಣಗಿದ ಮೇಲೆ ಅಪ್ಪ ಚಪ್ಪಲಿ ಮೆಟ್ಟಿಕೊಂಡ. ಅಂಚೆ ಡಬ್ಬಿ ಬಸ್ ನಿಲ್ದಾಣದ ಪಕ್ಕದಲ್ಲಿತ್ತು. ಇಬ್ಬರೂ ಒಂದೇ ದಾರಿಯಲ್ಲಿ ಹೋದರು, ಅವನು ಎರಡು ಹೆಜ್ಜೆ ಮುಂದೆ, ಅವಳು ಎರಡು ಹೆಜ್ಜೆ ಹಿಂದೆ. ಡಬ್ಬಿಯ ಬಾಯಿ ತುಕ್ಕು ಹಿಡಿದಿತ್ತು. ಅವನು ಲಕೋಟೆಯನ್ನು ತೂರಿಸಿ, ಬೆರಳು ಬಿಡದೆ ಒಂದು ಕ್ಷಣ ಹಾಗೇ ಹಿಡಿದುಕೊಂಡ.

"ಬಿಡಪ್ಪ," ಎಂದಳು ಮಗಳು. "ಎಂಟರ ಬಸ್ಸು ಬಂತು."

ಅವನು ಬಿಟ್ಟ.